ಕೂಡಿಸುವ ವಿದ್ಯೆ ಕಾರ್ಮಿಕರ ಮಕ್ಕಳಿಗೆ ಬೇಡವೇ?

ಅಂಬರನಾಥ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಅಡುಗೆಯ ಕೆಲಸದಲ್ಲಿರುವ ನಮ್ಮವರೊಬ್ಬರು ಮೊನ್ನೆ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಕಾಗದವನ್ನು ತಂದು ನನ್ನ ಮುಂದೆ ಹಿಡಿದರು. ಅದು ಅವರ ಮಗಳ ಕಾಲೇಜಿನ ವೇಳಾಪಟ್ಟಿ. ಹುಡುಗಿ ಬಿ.ಎಸ್‌ಸಿ. ಮೊದಲನೆಯ ವರ್ಷಕ್ಕೆ ಸೇರಿದ್ದಾಳೆ. ಮುಖ್ಯ ವಿಷಯ ರಸಾಯನಶಾಸ್ತ್ರ. ಆದರೆ ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ವಾಣಿಜ್ಯದ ಪಾಠವೊಂದು ಕುಳಿತಿತ್ತು.

“ಇದೇನು ಮಾರಾಯ್ರೆ? ಮಗಳನ್ನು ಸೇರಿಸಿದ್ದು ಕೆಮಿಸ್ಟ್ರಿ ಓದಲಿಕ್ಕೆ. ಇವರು ಲೆಕ್ಕಪತ್ರವನ್ನೂ ಕಲಿಸ್ತಾರಂತೆ. ಇಡ್ಲಿ ಕೇಳಿದವನ ತಟ್ಟೆಗೆ ಜಿಲೇಬಿ ಹಾಕಿದ ಹಾಗಾಯ್ತಲ್ಲ!” ಎಂದರು.

ಅವರ ಮಾತಿಗೆ ನಗು ಬಂದರೂ ಪ್ರಶ್ನೆ ನಕ್ಕು ಬಿಡುವಂಥದಲ್ಲ. ಬೆಳಗಿನ ಐದು ಗಂಟೆಗೆ ಒಲೆಯ ಮುಂದೆ ನಿಂತು ದುಡಿದ ಹಣ ಆ ಕಾಲೇಜಿಗೆ ಹೋಗುತ್ತದೆ. ಯಾವುದಕ್ಕಾಗಿ ಹೋಗುತ್ತದೆಂದು ಕೇಳುವ ಹಕ್ಕು ತಂದೆಗೆ ಇದ್ದೇ ಇದೆ. ಆದ್ದರಿಂದ ಈ ಹೊಸ ಏರ್ಪಾಡು ಏನು, ಅದರಲ್ಲಿ ನಮಗೆ ಬೇಕಾದ್ದು ಎಷ್ಟು, ಬೇಡವಾದ್ದು ಎಷ್ಟು ಎಂಬುದನ್ನು ನಾವು ಕಾರ್ಮಿಕರೇ ಕೂತು ವಿಚಾರಿಸುವುದು ಅವಶ್ಯ.

ಸಂಗತಿ ಇಷ್ಟು. 2020ರಲ್ಲಿ ಕೇಂದ್ರ ಸರಕಾರವು ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪ್ರಕಟಿಸಿತು. ಅದಕ್ಕೆ ಅನುಸಾರವಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪದವಿ ಓದಿಗೆ ಒಂದು ಚೌಕಟ್ಟನ್ನು ಹಾಕಿಕೊಟ್ಟಿತು. ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್ ಪದವಿಗೆ 160. ಕ್ರೆಡಿಟ್ ಎಂದರೆ ಪಾಠದ ಅಳತೆ. ತರಗತಿಯಲ್ಲಿ ಹದಿನೈದು ಗಂಟೆ ಕುಳಿತು ಕೇಳಿದರೆ ಒಂದು. ಈ 120ರಲ್ಲಿ 9ನ್ನು ವಿದ್ಯಾರ್ಥಿಯು ತನ್ನ ಮುಖ್ಯ ಶಾಸ್ತ್ರದ ಹೊರಗೆ, ಬೇರೆ ಶಾಸ್ತ್ರಗಳಲ್ಲಿ ಗಳಿಸಬೇಕೆಂದು ಆಯೋಗವು ಹೇಳುತ್ತದೆ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಇಂಥ ಹೊರಗಿನ ಪಾಠಕ್ಕೆ ಓಪನ್ ಇಲೆಕ್ಟಿವ್ ಎಂಬ ಹೆಸರು. ಹುಡುಗಿಯ ವೇಳಾಪಟ್ಟಿಯಲ್ಲಿ ವಾಣಿಜ್ಯವು ಬಂದು ಕುಳಿತದ್ದು ಈ ದಾರಿಯಿಂದ.

ಈ ವಿಚಾರವೇನೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಡಾಕ್ಟರ್ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಶ್ವವಿದ್ಯಾಲಯ ಆಯೋಗವು ಪದವಿಯ ಹುಡುಗರಿಗೆಲ್ಲ ಸಾಮಾನ್ಯ ಶಿಕ್ಷಣ ಬೇಕೆಂದು, ವಿಜ್ಞಾನ ಓದುವವನಿಗೆ ಸಮಾಜದ ತಿಳಿವಳಿಕೆಯೂ ಸಾಹಿತ್ಯ ಓದುವವನಿಗೆ ವಿಜ್ಞಾನದ ತಿಳಿವಳಿಕೆಯೂ ಇರಬೇಕೆಂದು ಶಿಫಾರಸು ಮಾಡಿತ್ತು. ಮಾತು ಹಳೆಯದು. ಆಚರಣೆಗೆ ತರುವ ಪ್ರಯತ್ನ ಮಾತ್ರ ಆಗಾಗ ಹೊಸ ಹೆಸರಿನಿಂದ ನಡೆಯುತ್ತಿದೆ.

ಆದರೆ ಇಲ್ಲೇ ನಾವು ಒಂದು ಎಚ್ಚರ ವಹಿಸಬೇಕು. ಎರಡು ಶಾಸ್ತ್ರಗಳನ್ನು ಪಕ್ಕಪಕ್ಕದಲ್ಲಿ ಇಡುವುದು ಬೇರೆ, ಅವನ್ನು ಕೂಡಿಸುವುದು ಬೇರೆ. ಇದು ನಮ್ಮ ಹೋಟೆಲು ಬಂಧುಗಳಿಗೆ ಬೇಗ ತಿಳಿಯುವ ಮಾತು. ಬೇಳೆಯ ಬಟ್ಟಲು, ಹುಣಿಸೆಯ ಬಟ್ಟಲು, ಮೆಣಸಿನ ಬಟ್ಟಲು, ಹೆಚ್ಚಿದ ತರಕಾರಿಯ ಬಟ್ಟಲು ಇವನ್ನೆಲ್ಲ ಸಾಲಾಗಿ ಗಿರಾಕಿಯ ಮುಂದೆ ಇಟ್ಟರೆ ಸಾಂಬಾರು ಆಗುವುದಿಲ್ಲ. ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯಬೇಕು. ಕುದಿಯಲು ಕೆಳಗೆ ಬೆಂಕಿ ಬೇಕು. ವಿದ್ಯೆಯಲ್ಲಿ ಆ ಬೆಂಕಿ ಯಾವುದೆಂದರೆ ಉತ್ತರ ಬೇಕೇ ಬೇಕಾದ ಒಂದು ಪ್ರಶ್ನೆ. ಪ್ರಶ್ನೆ ಇಲ್ಲದೆ ರಸಾಯನಕ್ಕೆ ವಾಣಿಜ್ಯವನ್ನು ಅಂಟಿಸಿದರೆ ನಮ್ಮ ಬಂಧು ಹೇಳಿದ ಇಡ್ಲಿ ಜಿಲೇಬಿಯ ಕಥೆಯೇ ಆಗುತ್ತದೆ. ಪ್ರಶ್ನೆ ಇದ್ದರೆ ಅದೇ ಹುಡುಗಿಗೆ ಅದೇ ವಾಣಿಜ್ಯ ಬೇಕಾಗುತ್ತದೆ, ಕಾನೂನು ಬೇಕಾಗುತ್ತದೆ, ಇತಿಹಾಸವೂ ಬೇಕಾಗುತ್ತದೆ.

ಅಂಥ ಪ್ರಶ್ನೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಂಬರನಾಥದ ನಡುವೆಯೇ ಅದು ಹರಿಯುತ್ತಿದೆ. ಕಾಕೋಳೆಯ ಕಡೆಯ ಗುಡ್ಡಗಳಿಂದ ಇಳಿದು ಬರುವ ವಾಲಧುನಿ ನದಿಯು ಶಿವಮಂದಿರದ ಮಗ್ಗುಲಲ್ಲಿ ಹಾದು, ಉಲ್ಹಾಸನಗರ, ಕಲ್ಯಾಣಗಳನ್ನು ದಾಟಿ ಉಲ್ಹಾಸ ನದಿಯನ್ನು ಸೇರುತ್ತದೆ. ಆ ಮಂದಿರದಲ್ಲಿ ಶಕ 982ರ, ಎಂದರೆ ಕ್ರಿ.ಶ. 1060ರ, ಶಾಸನವಿದೆ. ಅದನ್ನು ಕಟ್ಟಿಸಿದವರು ಉತ್ತರ ಕೊಂಕಣದ ಶಿಲಾಹಾರ ಅರಸರು. ಆ ವಂಶದವರು ಮೊದಲು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಕಲಬುರ್ಗಿಯ ಕಡೆಯಿಂದ ಇಲ್ಲಿಗೆ ದುಡಿಯಲು ಬಂದ ನಮ್ಮ ಬಂಧುಗಳು ಶಿವರಾತ್ರಿಯ ಜಾತ್ರೆಯಲ್ಲಿ ಸಾಲು ನಿಂತಾಗ, ತಮ್ಮ ನಾಡಿನ ಹೆಸರು ಈ ಕಲ್ಲಿನ ಕಥೆಯಲ್ಲಿಯೂ ಸೇರಿದೆ ಎಂದು ನೆನೆಯಬಹುದು.

ದೇವರಿಗೆ ಕೈಮುಗಿದು ಹೊರಗೆ ಬಂದು ಆ ನದಿಯನ್ನು ನೋಡಿರಿ. ಅದು ಈಗ ನದಿಯ ರೂಪದಲ್ಲಿ ಇಲ್ಲ, ಚರಂಡಿಯ ರೂಪದಲ್ಲಿದೆ. ಊರಿನ ಕೊಳಕೂ ಕಾರಖಾನೆಗಳ ತ್ಯಾಜ್ಯವೂ ಅದಕ್ಕೆ ಬಂದು ಬಿದ್ದಿವೆ. 2014ರ ನವೆಂಬರ್ ಕೊನೆಯಲ್ಲಿ ಯಾರೋ ಟ್ಯಾಂಕರಿನಲ್ಲಿ ತಂದ ರಾಸಾಯನಿಕವನ್ನು ಕದ್ದು ಈ ನೀರಿಗೆ ಸುರಿದಾಗ ಉಲ್ಹಾಸನಗರದ ದಂಡೆಯಲ್ಲಿ ಮಲಗಿದ್ದ ನೂರಾರು ಜನ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಅವರಲ್ಲಿ ಬಂಗಲೆಯವರು ಇದ್ದಿರಲಾರರು. ನದಿಯ ದಂಡೆಯಲ್ಲಿ ಮಲಗುವವರು ಯಾರೆಂಬುದು ನಮಗೆಲ್ಲ ಗೊತ್ತಿದೆ.

ಈಗ ಕೇಳೋಣ: ಈ ನದಿ ಹೀಗಾದದ್ದು ಏಕೆ? ಇದು ಯಾವ ಶಾಸ್ತ್ರದ ಪ್ರಶ್ನೆ? ನೀರಿನಲ್ಲಿ ಏನಿದೆ ಎಂಬುದನ್ನು ರಸಾಯನಶಾಸ್ತ್ರ ಹೇಳೀತು. ಅದು ಮನುಷ್ಯನ ಮೈಗೆ ಏನು ಮಾಡುತ್ತದೆಂದು ಜೀವಶಾಸ್ತ್ರ ಹೇಳೀತು. ಅದನ್ನು ಶುದ್ಧ ಮಾಡಿ ಬಿಡಲು ಎಷ್ಟು ಖರ್ಚು, ಕದ್ದು ಸುರಿದರೆ ಎಷ್ಟು ಉಳಿತಾಯ ಎಂಬುದನ್ನು ಲೆಕ್ಕಪತ್ರ ಬಲ್ಲವನು ಹೇಳಬೇಕು. 1974ರ ಜಲ ಮಾಲಿನ್ಯ ತಡೆ ಕಾಯಿದೆ ಇದ್ದೂ ಟ್ಯಾಂಕರು ಹೇಗೆ ಬಂತೆಂಬುದನ್ನು ಕಾನೂನು ಬಲ್ಲವನು ಹೇಳಬೇಕು. ದಂಡೆಯಲ್ಲಿ ಬಡವರೇ ಏಕೆ ಮನೆ ಮಾಡಿದರೆಂಬುದನ್ನು ಈ ಊರುಗಳ ಇತಿಹಾಸ ಹೇಳಬೇಕು. ಒಬ್ಬೊಬ್ಬನೂ ತನ್ನ ಪಾಲಿನದನ್ನು ಹೇಳಿ ಮನೆಗೆ ಹೋದರೆ ನದಿ ಇದ್ದ ಹಾಗೆಯೇ ಇರುತ್ತದೆ. ಇತಿಹಾಸದ ಉಪಾಧ್ಯಾಯರು ಹುಡುಗರನ್ನು ಕರೆತಂದು ಮಂದಿರವನ್ನು ತೋರಿಸಿ ಹೋಗುತ್ತಾರೆ. ರಸಾಯನದ ಉಪಾಧ್ಯಾಯರು ಹುಡುಗರನ್ನು ಕರೆತಂದು ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಮಂದಿರಕ್ಕೂ ನೀರಿಗೂ ನಡುವೆ ಇರುವುದು ಕೆಲವೇ ಹೆಜ್ಜೆ. ಆದರೆ ಆ ಇಬ್ಬರು ಉಪಾಧ್ಯಾಯರು ಒಂದೇ ದಿನ ಅಲ್ಲಿಗೆ ಬರುವುದಿಲ್ಲ. ಅವರನ್ನು ಒಂದೇ ದಿನ ಬರುವಂತೆ ಮಾಡುವುದೇ ಅಂತರಶಿಸ್ತೀಯ ಅಧ್ಯಯನ ಎಂಬ ದೊಡ್ಡ ಹೆಸರಿನ ಸಣ್ಣ ಅರ್ಥ.

ಪಕ್ಕದ ಡೊಂಬಿವಲಿಯಲ್ಲಿ 2016ರ ಮೇ 26ರಂದು ರಾಸಾಯನಿಕ ಕಾರಖಾನೆಯೊಂದು ಸಿಡಿದು ಹನ್ನೆರಡು ಜನ ಸತ್ತರು. ಎಂಟು ವರ್ಷದ ಮೇಲೆ, 2024ರ ಮೇ 23ರಂದು, ಅದೇ ಊರಿನಲ್ಲಿ ಇನ್ನೊಂದು ಸಿಡಿಯಿತು. ಮತ್ತೆ ಹೆಣಗಳು ಬಿದ್ದವು. ಯಾವ ವಸ್ತು ಎಷ್ಟು ಬಿಸಿಗೆ ಸಿಡಿಯುತ್ತದೆಂದು ಬಲ್ಲ ಪದವೀಧರರು ಈ ಪ್ರಾಂತದಲ್ಲಿ ಕಡಿಮೆ ಇಲ್ಲ. ಕಾರಖಾನೆಯ ಗೋಡೆಗೂ ವಸತಿಯ ಗೋಡೆಗೂ ಎಷ್ಟು ಅಂತರ ಬೇಕು, ಅದನ್ನು ನೋಡಿಕೊಳ್ಳಬೇಕಾದವರು ಯಾರು, ಅವರನ್ನು ಕೇಳುವ ದಾರಿ ಯಾವುದು ಎಂಬುದನ್ನು ಅದೇ ತಲೆಯಲ್ಲಿ ಇಟ್ಟುಕೊಂಡವರು ಕಡಿಮೆ.

ಇನ್ನು ಗಿರಣಿಯ ಬಂಧುಗಳಿಗೆ ಅವರದೇ ಗಾಯದ ನೆನಪು ಮಾಡಿಕೊಡುತ್ತೇನೆ, ಕ್ಷಮಿಸಬೇಕು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾಮಗಾರರು ಹೊರಗೆ ಬಂದರು. ಮುಂದೆ ಏನಾಯಿತೆಂಬುದನ್ನು ಚಾಳನ್ನು ಬಿಟ್ಟು ಅಂಬರನಾಥ, ಬದಲಾಪುರಗಳಿಗೆ ಬಂದು ನೆಲೆಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಗಳು ಮುಚ್ಚಿದವು, ನೆಲ ಉಳಿಯಿತು. ಆ ನೆಲ ಯಾರಿಗೆ? 1991ರ ಮುಂಬಯಿ ಅಭಿವೃದ್ಧಿ ನಿಯಮಗಳಲ್ಲಿ 58ನೆಯ ನಿಯಮವು ಅದಕ್ಕೆ ಉತ್ತರ ಕೊಟ್ಟಿತ್ತು. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ನಗರಸಭೆಗೆ, ಬಯಲಿಗಾಗಿ, ಮೂರರಲ್ಲೊಂದು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲಿಕನಿಗೆ. 2001ರಲ್ಲಿ ಆ ನಿಯಮವನ್ನು ತಿದ್ದಿದರು. ಪಾಲು ಮಾಡಬೇಕಾದ್ದು ಗಿರಣಿಯ ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದೆ ಮೊದಲೇ ಖಾಲಿ ಬಿದ್ದಿದ್ದ ನೆಲವನ್ನು ಮಾತ್ರ, ಎಂದಾಯಿತು.

ಇದರ ಅರ್ಥವನ್ನು ಲೆಕ್ಕ ಹಾಕಿ ನೋಡಿರಿ. ಹದಿನೈದು ಎಕರೆಯ ಒಂದು ಗಿರಣಿ ಎಂದುಕೊಳ್ಳೋಣ. ಹನ್ನೆರಡು ಎಕರೆಯಲ್ಲಿ ಕಟ್ಟಡ, ಮೂರು ಎಕರೆ ಖಾಲಿ. ಹಳೆಯ ನಿಯಮದಲ್ಲಿ ನಗರಕ್ಕೂ ವಸತಿಗೂ ಸೇರಿ ಸುಮಾರು ಹತ್ತು ಎಕರೆ ಸಿಗಬೇಕು. ಹೊಸ ನಿಯಮದಲ್ಲಿ ಸಿಗುವುದು ಸುಮಾರು ಎರಡು. ಉಚ್ಚ ನ್ಯಾಯಾಲಯವು 2005ರಲ್ಲಿ ಜನರ ಪರವಾಗಿ ಹೇಳಿದರೂ 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಎಂಟು ಎಕರೆ ನೆಲವನ್ನು ತಿಂದದ್ದು ಬಂದೂಕಲ್ಲ, ಒಂದು ವಾಕ್ಯ! ಆ ವಾಕ್ಯವು ರಾಜಪತ್ರದಲ್ಲಿ ಬಂದ ದಿನವೇ ಅದನ್ನು ಓದಿ, ನಕಾಶೆಯನ್ನು ಪಕ್ಕಕ್ಕಿಟ್ಟು, ಎಕರೆಯ ಲೆಕ್ಕ ಹಾಕಿ, ಹೊತ್ತು ಮೀರುವ ಮೊದಲು ಚಾಳಿನ ಅಂಗಳದಲ್ಲಿ ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವ ಮಕ್ಕಳು ನಮಗೆ ಬೇಕಾಗಿದ್ದರು. ಕಾನೂನು ಓದಿದವನಿಗೆ ನಕಾಶೆ ಬಾರದು. ನಕಾಶೆ ಬಲ್ಲ ಎಂಜಿನಿಯರನಿಗೆ ಕಾನೂನು ಬಾರದು. ಎರಡನ್ನೂ ಬಲ್ಲವನಿಗೆ ಗಿರಣಗಾಂವದ ಬಾಳು ಗೊತ್ತಿಲ್ಲ. ಅಂಥ ಮಕ್ಕಳಿದ್ದಿದ್ದರೆ ಗೆದ್ದೇ ಬಿಡುತ್ತಿದ್ದೆವು ಎಂದು ನಾನು ಹೇಳಲಾರೆ. ಎದುರಿಗಿದ್ದ ಹಣದ ಬಲ ಸಣ್ಣದಾಗಿರಲಿಲ್ಲ. ಆದರೆ ಏನನ್ನು ಕಳೆದುಕೊಳ್ಳುತ್ತಿದ್ದೇವೆಂಬುದನ್ನು ಕಳೆದುಕೊಳ್ಳುವ ಮೊದಲೇ ತಿಳಿಯುತ್ತಿದ್ದೆವು. ಅಷ್ಟು ತಿಳಿದವನನ್ನು ಮೋಸ ಮಾಡುವುದು ಸುಲಭವಲ್ಲ.

“ಇಷ್ಟೆಲ್ಲ ಒಬ್ಬನ ತಲೆಗೆ ಹಿಡಿಸೀತೇ?” ಎಂದು ಕೇಳುವವರುಂಟು. ಹಿಡಿಸಿಕೊಂಡವರಿದ್ದಾರೆ. ಒಬ್ಬರಂತೂ ನಮ್ಮ ಅಂಬರನಾಥದ ಹಳಿಗಳ ಮೇಲೆಯೇ ದಿನವೂ ಓಡಾಡಿದವರು. ಗೋವೆಯಲ್ಲಿ 1907ರಲ್ಲಿ ಹುಟ್ಟಿದ ದಾಮೋದರ ಧರ್ಮಾನಂದ ಕೋಸಂಬಿಯವರು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1962ರ ತನಕ ಗಣಿತದ ಪ್ರಾಧ್ಯಾಪಕರಾಗಿದ್ದರು. ಮನೆ ಪುಣೆಯಲ್ಲಿ, ಕೆಲಸ ಮುಂಬಯಿಯಲ್ಲಿ. ಡೆಕ್ಕನ್ ಕ್ವೀನ್ ಗಾಡಿಯಲ್ಲಿ ಹೋಗಿ ಬರುತ್ತಿದ್ದರು. ಆ ಗಾಡಿ ಅಂಬರನಾಥದಲ್ಲಿ ನಿಲ್ಲದೆ ಓಡುವುದನ್ನು ಪ್ಲಾಟಫಾರಮಿನಲ್ಲಿ ನಿಂತು ನೋಡದವರು ನಮ್ಮಲ್ಲಿ ಯಾರು?

ಈ ಗಣಿತದ ಪಂಡಿತರಿಗೆ ನಮ್ಮ ದೇಶದ ಹಳೆಯ ಇತಿಹಾಸದಲ್ಲಿ ಒಂದು ಪ್ರಶ್ನೆ ಹುಟ್ಟಿತು. ಹೆಸರಿಲ್ಲದ, ವರ್ಷವಿಲ್ಲದ ಹಳೆಯ ಬೆಳ್ಳಿಯ ನಾಣ್ಯಗಳ ಕಾಲವನ್ನು ಹೇಗೆ ತಿಳಿಯುವುದು? ಕೈಯಿಂದ ಕೈಗೆ ಹೋದ ನಾಣ್ಯ ಸವೆಯುತ್ತದೆ. ಹೋಟೆಲಿನ ಹಳೆಯ ಸವಟು ಸವೆದ ಹಾಗೆ. ಸವೆದಷ್ಟೂ ತೂಕ ಕಡಿಮೆ. ಅವರು ಸಾವಿರಾರು ನಾಣ್ಯಗಳನ್ನು ತಕ್ಕಡಿಯಲ್ಲಿಟ್ಟು ತೂಗಿ, ಆ ತೂಕಗಳಿಗೆ ಗಣಿತವನ್ನು ಹಚ್ಚಿ, ಯಾವುದು ಎಷ್ಟು ಕಾಲ ಚಲಾವಣೆಯಲ್ಲಿತ್ತೆಂದು ಹೇಳಲು ದಾರಿ ಮಾಡಿದರು. ಅಲ್ಲಿಗೆ ನಿಲ್ಲದೆ ಪುಣೆಯ ಸುತ್ತಿನ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಹಳ್ಳಿಯ ದೇವತೆಗಳ ಕಲ್ಲುಗಳನ್ನು ನೋಡಿ, ಕುರುಬರ, ರೈತರ ಮಾತು ಕೇಳಿ, 1956ರಲ್ಲಿ ಭಾರತದ ಇತಿಹಾಸವನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದರು. 1963ರಲ್ಲಿ ಈ ಕೂಡು ವಿಧಾನವನ್ನೇ ವಿಷಯವಾಗಿ ಮಾಡಿ ಒಂದು ಲೇಖನವನ್ನೂ ಪ್ರಕಟಿಸಿದರು. ಅರಸರ ಹೆಸರುಗಳ ಪಟ್ಟಿಯಾಗಿದ್ದ ಇತಿಹಾಸದಲ್ಲಿ ನೇಗಿಲು ಹಿಡಿದವನಿಗೂ ನೂಲು ತೆಗೆದವನಿಗೂ ಜಾಗ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು.

ಇನ್ನೊಬ್ಬರು ನಮ್ಮ ಕನ್ನಡದವರೇ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗದಲ್ಲಿ ಓದಿ, ಪ್ಲಾಸ್ಟಿಕ್ ಉದ್ಯಮದಲ್ಲಿ ತಜ್ಞರಾಗಿ ದುಡಿದರು. ಜೊತೆಗೆ ಕನ್ನಡದ ದೊಡ್ಡ ಕಥೆಗಾರರಾದರು. ಮುಂಬಯಿಯ ರಾಸಾಯನಿಕ ಕಂಪೆನಿಯೊಂದರ ಅಧಿಕಾರಿಯು ವಿಚಾರಣೆಯ ಬಲೆಗೆ ಸಿಕ್ಕಿ ನರಳುವ ಕಥೆಯನ್ನು 1979ರ ‘ಶಿಕಾರಿ’ಯಲ್ಲಿ ಬರೆದರು. ಕಂಪೆನಿಯ ಒಳಮನೆಯನ್ನು ಕಂಡಿರದ ಸಾಹಿತಿಗೆ ಆ ಕಾದಂಬರಿ ಸಾಧ್ಯವಾಗುತ್ತಿರಲಿಲ್ಲ. ಮನುಷ್ಯನ ಮನಸ್ಸನ್ನು ನೋಡಲು ಕಲಿಯದ ರಸಾಯನತಜ್ಞನಿಗೂ ಸಾಧ್ಯವಾಗುತ್ತಿರಲಿಲ್ಲ.

ಇವರಿಬ್ಬರಿಂದ ಕಲಿಯಬೇಕಾದ ಇನ್ನೊಂದು ಮಾತೂ ಇದೆ. ಎರಡು ದೋಣಿಗೆ ಕಾಲಿಟ್ಟವನು ಮುಳುಗುತ್ತಾನೆಂದು ಹಿರಿಯರು ಹೇಳುವುದು ಸುಳ್ಳಲ್ಲ. ಕೋಸಂಬಿಯವರು ಮೊದಲು ಗಣಿತದಲ್ಲಿ ಗಟ್ಟಿಯಾಗಿ ನಿಂತವರು. ಚಿತ್ತಾಲರು ತಮ್ಮ ಉದ್ಯೋಗವನ್ನು ಪೂರ್ತಿ ಬಲ್ಲವರು. ಒಂದು ಕಡೆ ಬೇರು ಆಳಕ್ಕೆ ಇಳಿದಿದ್ದರಿಂದಲೇ ಅವರ ಕೊಂಬೆ ಬೇರೆ ಕಡೆಗೆ ಚಾಚಿತು. ಆದ್ದರಿಂದ ನಮ್ಮ ಹುಡುಗಿ ರಸಾಯನಶಾಸ್ತ್ರವನ್ನು ಅರ್ಧಂಬರ್ಧ ಕಲಿತು, ವಾಣಿಜ್ಯವನ್ನು ಕಾಲುಭಾಗ ಕಲಿತು, ಎರಡಕ್ಕೂ ಆಗದೆ ಮನೆಗೆ ಬಂದರೆ ಅದನ್ನು ಕೂಡಿಸುವ ವಿದ್ಯೆ ಎನ್ನಲಾಗದು. ಮುಖ್ಯ ಶಾಸ್ತ್ರದಲ್ಲಿ ಕಡಿಮೆ ಮಾಡದೆ ಹೊರಗಿನದನ್ನು ಕೊಡಬೇಕೆಂದು ನಾವು ಪಟ್ಟು ಹಿಡಿಯಬೇಕು.

ಈ ಏರ್ಪಾಡಿನಲ್ಲಿ ನಮಗೆ ಅಂಜಿಕೆ ಹುಟ್ಟಿಸುವ ಸಂಗತಿಯೂ ಒಂದಿದೆ. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದು ಮೆಟ್ಟಲು ಮಾಡಿದ್ದಾರೆ. ಕಷ್ಟ ಬಂದು ಓದು ನಿಂತವನ ಕೈಯಲ್ಲಿ ಬರಿಗೈಗಿಂತ ಒಂದು ಕಾಗದ ಇರುವುದು ಲೇಸೆಂಬುದು ಅವರ ವಾದ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಬಾಗಿಲು ತೆರೆದಿಟ್ಟರೆ ಮೊದಲು ಹೊರಗೆ ಹೋಗುವವರು ಯಾರು? ಫೀಜಿನ ಹಣ ಹೊಂದಿಸಲಾರದ ಮನೆಯ ಮಕ್ಕಳೇ. ಕೂಡಿಸುವ ಓದಿನ ಸಾರವೆಲ್ಲ ಮೂರನೆಯ, ನಾಲ್ಕನೆಯ ವರ್ಷದಲ್ಲಿ ಕೈಗೆ ಬರುವಂಥದು. ಮೊದಲನೆಯ ವರ್ಷದಲ್ಲೇ ಹೊರಗೆ ಬಿದ್ದವನಿಗೆ ಸಿಗುವುದು ಬಟ್ಟಲುಗಳ ಸಾಲು ಮಾತ್ರ, ಸಾಂಬಾರು ಉಳಿದವರಿಗೆ. ಇದು ಸಲ್ಲದು.

ನಮ್ಮ ಊರುಗಳಲ್ಲಿ ಏನಾಯಿತೆಂಬುದನ್ನೂ ನೋಡಿಕೊಳ್ಳಬೇಕು. ಕರ್ನಾಟಕವು 2021ರಲ್ಲಿ ದೇಶದಲ್ಲೆಲ್ಲ ಮೊದಲಾಗಿ ಈ ಏರ್ಪಾಡನ್ನು ಕೈಗೊಂಡಿತು. 2024ರಲ್ಲಿ ಹೊಸ ಸರಕಾರವು ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ತಮ್ಮನನ್ನು ಊರಿನಲ್ಲಿ ಓದಿಸಿ ಮಗಳನ್ನು ಇಲ್ಲಿ ಓದಿಸುವ ನಮ್ಮಂಥವರಿಗೆ ಅಲ್ಲೊಂದು ಕಟ್ಟಳೆ, ಇಲ್ಲೊಂದು ಕಟ್ಟಳೆ. ಸರಕಾರಗಳು ಬದಲಾದಂತೆ ಪಠ್ಯಕ್ರಮವು ಹಿಂದೆ ಮುಂದೆ ಜೀಕಿದರೆ ಪೆಟ್ಟು ಬೀಳುವುದು ಹುಡುಗರ ಮೇಲೆಯೇ. ಅಲ್ಲಿ ಬಿಟ್ಟದ್ದು ಸರಿಯೇ, ಇಲ್ಲಿ ಹಿಡಿದದ್ದು ಸರಿಯೇ ಎಂಬ ಜಗಳಕ್ಕಿಂತ, ನಾಲ್ಕು ವರ್ಷವಿರಲಿ ಮೂರು ವರ್ಷವಿರಲಿ, ಹುಡುಗನಿಗೆ ತನ್ನ ಊರಿನ ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸಲು ಕಲಿಸಿದಿರಾ ಎಂದು ಎರಡೂ ಕಡೆಯವರನ್ನು ಕೇಳುವುದು ಮೇಲು.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದಾಗಿ, ತಂದೆತಾಯಿಗಳು ಕಾಲೇಜಿಗೆ ಹೋಗಿ ಕೇಳಬೇಕು: ನಮ್ಮ ಮಗಳ ಈ ಹೊರಗಿನ ವಿಷಯಕ್ಕೂ ಮುಖ್ಯ ವಿಷಯಕ್ಕೂ ಸಂಬಂಧವೇನು? ಆಯ್ಕೆ ಅವಳದೋ, ಉಪಾಧ್ಯಾಯರು ಸಿಕ್ಕಿದ ವಿಷಯವನ್ನು ಕೊಟ್ಟಿರೋ? ಇಂಗ್ಲಿಷು ಬಾರದೆಂದು ಸಂಕೋಚಪಡಬೇಕಾಗಿಲ್ಲ. ಮರಾಠಿಯಲ್ಲಿ ಕೇಳಿರಿ, ಹಿಂದಿಯಲ್ಲಿ ಕೇಳಿರಿ. ಎರಡನೆಯದಾಗಿ, ಹೊಸ ಪಠ್ಯಕ್ರಮದಲ್ಲಿ ಕ್ಷೇತ್ರಕಾರ್ಯಕ್ಕೂ ಕೆಲಸದ ಸ್ಥಳದ ತರಬೇತಿಗೂ ಅವಕಾಶವಿದೆ. ಅದು ಯಾವುದೋ ಕಚೇರಿಯಲ್ಲಿ ಸಹಿ ಹಾಕಿಸಿಕೊಂಡು ಬರುವ ಶಾಸ್ತ್ರವಾಗಬಾರದು. ವಾಲಧುನಿಯ ದಂಡೆಯಲ್ಲಿ ರಸಾಯನದವರೂ ವಾಣಿಜ್ಯದವರೂ ಕಲಾವಿಭಾಗದವರೂ ಒಟ್ಟಿಗೆ ನಡೆಯಲಿ; ಒಂದೇ ವರದಿಯನ್ನು ಬರೆಯಲಿ; ಅದನ್ನು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ದಂಡೆಯ ಜನರ ಮುಂದೆ ಓದಲಿ.

ಮೂರನೆಯದು ನಮ್ಮ ಸಂಘದ ಕೆಲಸ. ಮುಂಬಯಿಯ ಕನ್ನಡಿಗರು ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ಆ ರಾತ್ರಿ ಶಾಲೆಗಳನ್ನು ಸರಕಾರ ಕಟ್ಟಿಸಿಕೊಡಲಿಲ್ಲ. ನಮ್ಮ ಹಿರಿಯರ ಸಂಘಗಳು ಕಟ್ಟಿದವು. ಇಂದು ತಿಂಗಳಿಗೊಂದು ಭಾನುವಾರ ಕಾಲೇಜಿನ ಮಕ್ಕಳನ್ನೂ ನಿವೃತ್ತ ಗಿರಣಿ ಕಾಮಗಾರರನ್ನೂ ಹೋಟೆಲಿನ ಹಿರಿಯರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವುದು ನಮ್ಮಿಂದ ಆಗದ ಕೆಲಸವೇ? ಹುಡುಗರಲ್ಲಿ ಪುಸ್ತಕವಿದೆ, ಹಿರಿಯರಲ್ಲಿ ಪ್ರಶ್ನೆ ಇದೆ. ಒಂದನ್ನೊಂದು ಕಾಣದೆ ಎರಡೂ ಕೊಳೆಯುತ್ತಿವೆ.

ಆ ದಿನ ನಮ್ಮ ಅಡುಗೆಯ ಬಂಧುವಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ; ಬಿಡುವು ಮುಗಿಯುತ್ತ ಬಂದಿತ್ತು. “ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಬೇಗ ಹುಳಿ ಬಾರದಿದ್ದರೆ ಏನು ಮಾಡ್ತೀರಿ?” ಎಂದು ಕೇಳಿದೆ. ಹಿಟ್ಟನ್ನು ಒಲೆಯ ಹತ್ತಿರ ಬೆಚ್ಚಗೆ ಇಡುವುದು, ಉದ್ದಿನ ಬೆಲೆ ಏರಿದರೆ ಅಳತೆ ನೋಡಿಕೊಳ್ಳುವುದು, ಗಾಡಿ ತಡವಾದ ದಿನ ಗಿರಾಕಿ ಎಷ್ಟು ಬಂದಾರೆಂದು ಅಂದಾಜು ಮಾಡುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. “ಇದರಲ್ಲಿ ಕೆಮಿಸ್ಟ್ರಿ ಎಷ್ಟು, ಲೆಕ್ಕಪತ್ರ ಎಷ್ಟು, ಬೇರೆ ಮಾಡಿ ಹೇಳಿ ನೋಡುವ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವೇಳಾಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, “ಹಾಗಾದ್ರೆ ಅವಳ ಮೇಷ್ಟ್ರ ಹತ್ತಿರ ನಾನೇ ಒಮ್ಮೆ ಹೋಗಿ ಕೇಳ್ತೇನೆ” ಎಂದರು.

ಹೋಗಿ ಕೇಳಲಿ. ಅವರೊಬ್ಬರೇ ಹೋಗುವುದು ಬೇಡ. ಮಕ್ಕಳನ್ನು ಕಾಲೇಜಿಗೆ ಕಳಿಸಿದ ನಾವೆಲ್ಲರೂ ಜೊತೆಗೆ ಹೋಗೋಣ.